ವೇಷ ಬದಲಾದರೂ ವಿದ್ಯೆ ಉಳಿಯುತ್ತದೆ

“ಮಕ್ಕಳು ಮೊಬೈಲ್ ಕೆಳಗಿಡುವುದೇ ಇಲ್ಲ” ಎಂಬ ದೂರು ಕೇಳಿಬರದ ಮನೆ ಇಂದು ಇಲ್ಲ. ಭಾನುವಾರ ಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಾಲ್ವರು ತಾಯಂದಿರು ಸೇರಿದರೆ ಮೊದಲು ಬರುವ ಮಾತು ಇದೇ. ನಾನೂ ಈ ದೂರನ್ನು ಹೇಳಿಕೊಂಡು ತಿರುಗಿದವಳೇ. ಆದರೆ 2022ರ ಮಳೆಗಾಲದಲ್ಲಿ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿ ನನ್ನನ್ನು ಯೋಚನೆಗೆ ಹಚ್ಚಿತು. ಅದನ್ನು ಓದುಗರ ಮುಂದಿಡುತ್ತಿದ್ದೇನೆ.

ನಮ್ಮ ಮಗ ಆಗತಾನೇ ದ್ವಿತೀಯ ಪಿಯುಸಿ ಮುಗಿಸಿದ್ದ. ಓದಿದ್ದು ವಿಜ್ಞಾನ. ಫಲಿತಾಂಶ ಬಂದ ವಾರವೇ, “ನನಗೆ ಇದು ಒಗ್ಗುವುದಿಲ್ಲಮ್ಮ, ಬಿ.ಕಾಂ. ಸೇರುತ್ತೇನೆ” ಎಂದುಬಿಟ್ಟ. ಅವನ ತಂದೆ ಎರಡು ದಿನ ಅವನೊಡನೆ ಮಾತನಾಡಲಿಲ್ಲ. ಟ್ಯೂಷನ್ನಿಗೆ ಕಟ್ಟಿದ ಹಣ, ಎರಡು ವರ್ಷ ನಿದ್ದೆಗೆಟ್ಟು ಓದಿದ್ದು, ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತೆಂದು ನಾನೂ ಕಣ್ಣೀರು ಹಾಕಿದೆ. ಹುಡುಗ ಮೂಲೆ ಹಿಡಿದು ಮೊಬೈಲ್ ನೋಡುತ್ತಾ ಕೂತ.

ಮೂರನೆಯ ದಿನ ಸಂಜೆ ನಮ್ಮ ಮಾವನವರು ಕನ್ನಡಕ ಒರೆಸಿಕೊಂಡು ಹೋಗಿ ಮೊಮ್ಮಗನ ಪಕ್ಕ ಕೂತರು. “ಅದೇನಪ್ಪಾ ಆಡ್ತಾ ಇದೀಯ? ನನಗೂ ಒಂದಿಷ್ಟು ಹೇಳು” ಎಂದರು. ಬೈಯಲಿಲ್ಲ, ಕಿತ್ತುಕೊಳ್ಳಲೂ ಇಲ್ಲ. ಕೇಳಿದರು, ಅಷ್ಟೇ.

ಆಟ ಯಾವುದು?

ಅವನು ಆಡುತ್ತಿದ್ದ ಆಟದ ಹೆಸರು ‘ಫೈನಲ್ ಫ್ಯಾಂಟಸಿ ಫೈವ್’. ಜಪಾನಿನ ಸ್ಕ್ವೇರ್ ಎಂಬ ಕಂಪನಿ ಇದನ್ನು 1992ರ ಡಿಸೆಂಬರ್‌ನಲ್ಲಿ ‘ಸೂಪರ್ ಫ್ಯಾಮಿಕಾಮ್’ ಎಂಬ ಟಿವಿ ಆಟದ ಯಂತ್ರಕ್ಕಾಗಿ ಹೊರತಂದಿತು. ನಿರ್ದೇಶಕರು ಹಿರೊನೊಬು ಸಕಗುಚಿ, ಸಂಗೀತ ನೊಬುವೊ ಉಎಮಾತ್ಸು ಅವರದು. ಆಗ ನಮ್ಮ ಬೆಂಗಳೂರಿನ ಮಕ್ಕಳಿಗೆ ಟಿವಿ ಆಟವೆಂದರೆ ಮಾರಿಯೊ, ಕಾಂಟ್ರಾ ಅಷ್ಟೇ. ಜಪಾನೀ ಭಾಷೆಯಲ್ಲಿದ್ದ ಈ ಆಟ ಅಧಿಕೃತವಾಗಿ ಇಂಗ್ಲಿಷಿಗೆ ಬಂದದ್ದೇ 1999ರಲ್ಲಿ. 2021ರ ನವೆಂಬರ್‌ನಲ್ಲಿ ಹೊಸ ಚಿತ್ರಗಳೊಂದಿಗೆ ಮೊಬೈಲಿಗೂ ಬಂತು. ನನ್ನ ಮಗನ ಕೈಯಲ್ಲಿದ್ದದ್ದು ಅದೇ.

ಇದು ಓಡುವ, ಹಾರುವ, ಗುಂಡು ಹೊಡೆಯುವ ಆಟವಲ್ಲ. ಕಥೆ ಓದುತ್ತಾ, ಊರೂರು ಸುತ್ತುತ್ತಾ, ಪಾತ್ರಗಳನ್ನು ಬೆಳೆಸುತ್ತಾ ಹೋಗುವ ಆಟ. ಇಂಥವನ್ನು ‘ರೋಲ್ ಪ್ಲೇಯಿಂಗ್’ ಆಟ, ಎಂದರೆ ಪಾತ್ರ ವಹಿಸುವ ಆಟ ಎನ್ನುತ್ತಾರೆ. ಲೋಕದಲ್ಲಿ ಇದ್ದಕ್ಕಿದ್ದಂತೆ ಗಾಳಿ ನಿಂತುಹೋಗುತ್ತದೆ. ಗಾಳಿ, ನೀರು, ಬೆಂಕಿ, ಮಣ್ಣು ಎಂಬ ನಾಲ್ಕನ್ನು ಕಾಯುವ ನಾಲ್ಕು ಸ್ಫಟಿಕಗಳು ಒಂದೊಂದಾಗಿ ಒಡೆಯುತ್ತವೆ. ಊರಿಲ್ಲದ ಅಲೆಮಾರಿ ಬಾರ್ಟ್ಸ್, ತಂದೆಯನ್ನು ಹುಡುಕುವ ರಾಜಕುಮಾರಿ ಲೆನ್ನಾ, ನೆನಪು ಕಳೆದುಕೊಂಡ ಮುದುಕ ಗಲೂಫ್, ಕಡಲ್ಗಳ್ಳರ ನಾಯಕ ಫಾರಿಸ್, ಈ ನಾಲ್ವರು ಜೊತೆಗೂಡಿ ಲೋಕವನ್ನು ಉಳಿಸಲು ಹೊರಡುತ್ತಾರೆ.

ಕಸುಬುಗಳ ಏರ್ಪಾಡು

ಈ ಆಟದ ಜೀವಾಳ ಅದರಲ್ಲಿರುವ ಕಸುಬುಗಳ ಏರ್ಪಾಡು. ಆಟಗಾರರು ಇದನ್ನು ‘ಜಾಬ್ ಸಿಸ್ಟಮ್’ ಎನ್ನುತ್ತಾರೆ. ಒಡೆದ ಸ್ಫಟಿಕದ ಚೂರುಗಳಲ್ಲಿ ಹಿಂದಿನ ಕಾಲದ ವೀರರ ಸತ್ವ ಉಳಿದಿರುತ್ತದೆ. ಅದರಿಂದ ನಾಲ್ವರಿಗೂ ಹೊಸ ಹೊಸ ಕಸುಬುಗಳು ದೊರೆಯುತ್ತವೆ. ಗಾಳಿಯ ಸ್ಫಟಿಕದಿಂದ ಮೊದಲು ಆರು. ಮುಂದೆ ಒಂದೊಂದಾಗಿ ಸೇರಿ, ಯಾವ ಕಸುಬೂ ಇಲ್ಲದ ಆರಂಭದ ಸ್ಥಿತಿಯೂ ಲೆಕ್ಕಕ್ಕೆ ಬಂದರೆ ಒಟ್ಟು 22.

ಬಲಹೀನರಿಗೆ ಬೀಳುವ ಪೆಟ್ಟಿಗೆ ತಾನೇ ಅಡ್ಡನಿಲ್ಲುವ ಸರದಾರ, ಬರಿಗೈಯಲ್ಲೇ ಹೋರಾಡುವ ಜಟ್ಟಿ, ಗುಪ್ತದಾರಿಯನ್ನು ಕಾಣಬಲ್ಲ ಕಳ್ಳ, ಗಾಯ ಮಾಗಿಸುವ ಬಿಳಿ ಮಾಂತ್ರಿಕ, ಔಷಧಿ ಬೆರೆಸುವವನು, ಹಾಡುಗಾರ, ನರ್ತಕ ಹೀಗೆ ಪಟ್ಟಿ ಬೆಳೆಯುತ್ತದೆ. ನೀಲಿ ಮಾಂತ್ರಿಕನೆಂಬ ಒಬ್ಬನಿದ್ದಾನೆ. ಶತ್ರು ಹೊಡೆದ ಪೆಟ್ಟನ್ನು ತಾನು ತಿಂದರೆ ಆ ವಿದ್ಯೆ ಅವನಿಗೆ ಬರುತ್ತದೆ! ಕಸುಬು ಬದಲಾದ ಕೂಡಲೇ ಪಾತ್ರದ ಉಡುಪೂ ಬದಲಾಗುತ್ತದೆ, ಬಯಲಾಟದವರು ವೇಷ ಬದಲಿಸಿದ ಹಾಗೆ.

ಆಟಗಾರನು ಯುದ್ಧವಿಲ್ಲದ ಹೊತ್ತಿನಲ್ಲಿ ಯಾರ ಕಸುಬನ್ನು ಬೇಕಾದರೂ ಬದಲಿಸಬಹುದು. ಪ್ರತಿ ಕಾಳಗದ ನಂತರ ಅಂಕಗಳು ಬರುತ್ತವೆ. ಅಂಕ ಕೂಡಿದಂತೆ ಆ ಕಸುಬಿನ ಒಂದೊಂದು ವಿದ್ಯೆ ಕೈಗೆ ಹತ್ತುತ್ತದೆ. ಮುಖ್ಯವಾದ ಮಾತು ಇಲ್ಲಿದೆ: ಬೇರೆ ಕಸುಬಿಗೆ ಹೋದರೂ ಕಲಿತ ವಿದ್ಯೆ ಅಳಿಸಿಹೋಗುವುದಿಲ್ಲ. ಹೊಸ ಕಸುಬಿನಲ್ಲಿ ಒಂದು ಜಾಗ ಖಾಲಿ ಇರುತ್ತದೆ. ಹಳೆಯ ಕಸುಬಿನ ಒಂದು ವಿದ್ಯೆಯನ್ನು ಅಲ್ಲಿ ಇಟ್ಟುಕೊಳ್ಳಬಹುದು. ಬಿಳಿ ಮಾಂತ್ರಿಕನಾಗಿದ್ದವನು ಸರದಾರನಾದರೆ, ಕತ್ತಿ ಹಿಡಿದ ಕೈಯಿಂದಲೇ ಗಾಯವನ್ನೂ ಮಾಗಿಸಬಲ್ಲ. ಯಾವ ಎರಡನ್ನು ಸೇರಿಸಿದರೆ ಏನಾಗುತ್ತದೆ ಎಂದು ಕೂಡಿಸಿ ನೋಡುವುದರಲ್ಲೇ ಈ ಆಟದ ಸೊಗಸೆಲ್ಲ ಇದೆ.

ಇದನ್ನೆಲ್ಲ ನನ್ನ ಮಗ ತಾತನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದ. ಕಸುಬುಗಳ ಪಟ್ಟಿ ಕಂಡ ತಾತ ನಕ್ಕು, “ಇದು ನಮ್ಮ ಪೇಟೆ ಬೀದಿಗಳ ಹಾಗೇ ಇದೆಯಲ್ಲೋ!” ಎಂದರು.

ನಮ್ಮ ಪೇಟೆಯ ಪಾಠ

ಅವರ ಮಾತು ನಿಜ. ಚಾಮರಾಜಪೇಟೆ 1892ರಲ್ಲಿ ಹುಟ್ಟಿದ ಬಡಾವಣೆ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ನಂತರ ಬೆಳೆದವು. ಆದರೆ ಅದಕ್ಕೂ ಮುನ್ನೂರೈವತ್ತು ವರ್ಷ ಹಿಂದೆ, 1537ರಲ್ಲಿ ಕೆಂಪೇಗೌಡರು ಕಟ್ಟಿದ ಹಳೇ ಪೇಟೆ ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿದೆ. ಅಲ್ಲಿ ಬೀದಿಯ ಹೆಸರೇ ಕಸುಬಿನ ಹೆಸರು: ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ. ಕುಂಬಾರನ ಮಗ ಕುಂಬಾರ, ಗಾಣಿಗನ ಮಗ ಗಾಣಿಗ. ಹುಟ್ಟಿದಾಗಲೇ ಕಸುಬು ಗೊತ್ತಾಗಿರುತ್ತಿತ್ತು, ಬದಲಿಸುವ ಮಾತೇ ಇರಲಿಲ್ಲ. ಆ ಕಟ್ಟಿನಿಂದ ಎಷ್ಟೋ ಜನ ನೊಂದಿದ್ದಾರೆಂಬುದನ್ನೂ ನಾವು ಮರೆಯಬಾರದು.

ಆದರೂ ಕಾಲ ಸುಮ್ಮನಿರಲಿಲ್ಲ. ಬಳೆಯ ಹೆಸರು ಹೊತ್ತ ಪೇಟೆಯಲ್ಲಿ ವಾದ್ಯಗಳ ಅಂಗಡಿಗಳು ಬಂದವು. ಕುಂಬಾರಪೇಟೆಯಲ್ಲಿ ಇಂದು ತಿರುಗುವ ಚಕ್ರವನ್ನು ಹುಡುಕಿದರೆ ಸಿಗುವುದು ಕಷ್ಟ. ಹೆಸರು ಹಾಗೆಯೇ ಉಳಿಯಿತು, ಕೈಯ ಕೆಲಸ ಬದಲಾಯಿತು. ಈ ಬದಲಾವಣೆ ನಮ್ಮ ಮನೆಯೊಳಗೂ ನಡೆದದ್ದೇ.

ಮಾವನವರು ಹದಿನೇಳನೆಯ ವಯಸ್ಸಿನಿಂದ ಒಂದು ಸಣ್ಣ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸ ಮಾಡಿದವರು. ಕನ್ನಡಕ್ಕೆ ಒತ್ತಕ್ಷರಗಳೂ ಸೇರಿ ನೂರಾರು ಮೊಳೆಗಳು. ಯಾವ ಗೂಡಿನಲ್ಲಿ ಯಾವುದಿದೆ ಎಂಬುದು ಕಣ್ಣು ಮುಚ್ಚಿದರೂ ಬೆರಳಿಗೆ ಗೊತ್ತಿರಬೇಕು. ಸೀಸದ ಮೊಳೆಯಲ್ಲಿ ಅಕ್ಷರ ತಿರುಗುಮುರುಗಾಗಿರುತ್ತದೆ, ಅದನ್ನು ಹಾಗೆಯೇ ಓದಿ ತಪ್ಪು ಹಿಡಿಯಬೇಕು. ಮೂವತ್ತು ವರ್ಷಕ್ಕೂ ಮೀರಿ ಈ ಕೆಲಸ ಮಾಡಿದರು. 1990ರ ದಶಕದಲ್ಲಿ ಕಂಪ್ಯೂಟರ್ ಬಂತು. ಮೊಳೆಗಳು ತೂಕದ ಲೆಕ್ಕದಲ್ಲಿ ಮಾರಾಟವಾದವು. “ಐವತ್ತನೇ ವರ್ಷದಲ್ಲಿ ನಾನು ಏನೂ ಬಾರದವನಾಗಿ ಮನೆಗೆ ಬಂದೆ” ಎಂದು ಅವರು ಹೇಳುತ್ತಿದ್ದರು.

ಆದರೆ ಕೆಲವು ತಿಂಗಳ ನಂತರ ಬೇರೊಂದು ಕಡೆಯಿಂದ ಕರೆ ಬಂತು. ಅಲ್ಲಿ ಕಂಪ್ಯೂಟರಿನಲ್ಲಿ ಟೈಪ್ ಮಾಡುವ ಹುಡುಗರಿದ್ದರು, ಅವರ ತಪ್ಪು ಹಿಡಿಯುವವರು ಇರಲಿಲ್ಲ. ಮಾವನವರು ಕರಡು ತಿದ್ದುವವರಾದರು. ಬೆರಳಿನ ವಿದ್ಯೆ ಅಲ್ಲಿ ಬೇಕಾಗಲಿಲ್ಲ, ಕಣ್ಣಿನ ವಿದ್ಯೆ ಬೇಕಾಯಿತು. ತಿರುಗುಮುರುಗಾದ ಅಕ್ಷರದಲ್ಲೇ ತಪ್ಪು ಹುಡುಕಿದ ಕಣ್ಣಿಗೆ ನೆಟ್ಟಗಿರುವ ಅಕ್ಷರ ಯಾವ ಲೆಕ್ಕ? ಮುಂದೆ ಹದಿನೈದು ವರ್ಷ ಅವರು ಅದೇ ಕೆಲಸದಲ್ಲಿ ಮನೆ ನಡೆಸಿದರು.

ಆ ಸಂಜೆ ಈ ಕಥೆ ಕೇಳಿದ ನನ್ನ ಮಗ, “ತಾತ, ನೀನು ಜಾಬ್ ಬದಲಿಸಿದೆ, ಆದರೆ ಹಳೇ ಎಬಿಲಿಟಿ ಇಟ್ಟುಕೊಂಡೆ!” ಎಂದ. ಬಾಗಿಲಲ್ಲಿ ನಿಂತಿದ್ದ ಅವನ ತಂದೆಯೂ ಅದನ್ನು ಕೇಳಿಸಿಕೊಂಡರು.

ಉಂಡಾಡಿ ಗುಂಡನ ಬೆಲೆ

ಕಸುಬು ಬದಲಿಸುವ ಆಟ ಇದೊಂದೇ ಅಲ್ಲ. ಯೂಜಿ ಹೋರಿಯವರು ರೂಪಿಸಿದ ‘ಡ್ರ್ಯಾಗನ್ ಕ್ವೆಸ್ಟ್ ತ್ರೀ’ 1988ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಬಂತು. 2024ರ ನವೆಂಬರ್‌ನಲ್ಲಿ ಹೊಸ ರೂಪದಲ್ಲಿ ಮತ್ತೆ ಹೊರಬಂದಿದೆ. ಹಳೆಯ ಆಟದಲ್ಲಿ ಇಪ್ಪತ್ತನೆಯ ಮಟ್ಟ ಮುಟ್ಟಿದವರು ಒಂದು ಗುಡಿಗೆ ಹೋಗಿ ಕಸುಬು ಬದಲಿಸಬಹುದು. ಆದರೆ ಅದಕ್ಕೆ ಬೆಲೆ ತೆರಬೇಕು: ಮತ್ತೆ ಒಂದನೆಯ ಮಟ್ಟಕ್ಕೆ ಇಳಿಯಬೇಕು, ಬಲ ಅರ್ಧವಾಗುತ್ತದೆ. ಕಲಿತ ಮಂತ್ರಗಳು ಮಾತ್ರ ಉಳಿಯುತ್ತವೆ. ಹೊಸದನ್ನು ಕಲಿಯಹೊರಟವನು ಸ್ವಲ್ಪ ಕಾಲ ಚಿಕ್ಕವನಾಗಲೇಬೇಕೆಂಬ ಮಾತನ್ನು ಇದಕ್ಕಿಂತ ಸರಳವಾಗಿ ಹೇಗೆ ಹೇಳುವುದು?

ಆ ಆಟದಲ್ಲಿ ಕೆಲಸಕ್ಕೆ ಬಾರದ ಒಬ್ಬನಿದ್ದಾನೆ, ನಮ್ಮ ಉಂಡಾಡಿ ಗುಂಡನ ಹಾಗೆ. ಯುದ್ಧದ ನಡುವೆ ಹೇಳಿದ ಮಾತು ಕೇಳದೆ ಚೇಷ್ಟೆ ಮಾಡುತ್ತಾ ನಿಲ್ಲುತ್ತಾನೆ. ಬೇರೆಯವರು ಜ್ಞಾನಿಯ ಪದವಿಗೆ ಏರಬೇಕಾದರೆ ಅಪರೂಪದ ಗ್ರಂಥವೊಂದು ಬೇಕು. ಈ ಗುಂಡ ಮಾತ್ರ ಇಪ್ಪತ್ತನೆಯ ಮಟ್ಟ ಮುಟ್ಟಿದರೆ ಗ್ರಂಥವಿಲ್ಲದೆಯೇ ಜ್ಞಾನಿಯಾಗಬಲ್ಲ! ಅಲ್ಲಿಯವರೆಗೆ ಅವನನ್ನು ಕೈಬಿಡದೆ ಜೊತೆಗೆ ಕರೆದೊಯ್ಯುವ ತಾಳ್ಮೆ ಆಟಗಾರನಿಗೆ ಇರಬೇಕು, ಅಷ್ಟೇ. ಮಕ್ಕಳನ್ನು ಬೆಳೆಸುವವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

‘ಫೈನಲ್ ಫ್ಯಾಂಟಸಿ ಫೈವ್’ ಆಟದಲ್ಲೂ ಇಂಥದೇ ಒಂದು ಗುಟ್ಟಿದೆ. ಯಾವ ಕಸುಬೂ ಇಲ್ಲದ ಆರಂಭದ ಸ್ಥಿತಿಗೆ ಜಪಾನೀಯರು ಇಟ್ಟ ಹೆಸರಿನ ಅರ್ಥ ‘ಬಣ್ಣ ಹಚ್ಚದ ಮುಖ’. ಮೊದಲಿಗೆ ಇವನು ಎಲ್ಲರಿಗಿಂತ ಸಾಮಾನ್ಯ. ಆದರೆ ಬೇರೆ ಬೇರೆ ಕಸುಬುಗಳನ್ನು ಪೂರ್ತಿ ಕಲಿತು ಮರಳಿ ಬಂದರೆ, ಆ ಎಲ್ಲ ಕಸುಬುಗಳ ಬಲವೂ ಸಹಜ ಗುಣಗಳೂ ಇವನಲ್ಲಿ ಕೂಡಿಕೊಳ್ಳುತ್ತವೆ. ಕೊನೆಯ ಯುದ್ಧಕ್ಕೆ ಅನೇಕ ಆಟಗಾರರು ಆರಿಸಿಕೊಳ್ಳುವುದು ಈ ಬಣ್ಣ ಹಚ್ಚದ ಮುಖವನ್ನೇ. ವೇಷಗಳನ್ನೆಲ್ಲ ಕಳಚಿದ ಮೇಲೆ ಉಳಿಯುವುದು ಮನುಷ್ಯನೇ ಅಲ್ಲವೇ?

ತಾತನ ವಿದ್ಯೆ ಮೊಮ್ಮಗಳಿಗೆ

ಅಂದಿನಿಂದ ರಾತ್ರಿ ಊಟಕ್ಕೆ ಮೊದಲು ಮುಕ್ಕಾಲು ಗಂಟೆ ತಾತ ಮೊಮ್ಮಗ ಇಬ್ಬರ ಆಟವಾಯಿತು. ತಾತ ಮೊಬೈಲ್ ಮುಟ್ಟುತ್ತಿರಲಿಲ್ಲ, “ಈ ಮುದುಕನನ್ನು ಜಟ್ಟಿ ಮಾಡು” ಎಂದು ಸಲಹೆ ಕೊಡುತ್ತಿದ್ದರು. ಗಲೂಫ್ ಎಂದರೆ ಅವರಿಗೆ ಅಷ್ಟು ಪ್ರೀತಿ.

ಕಥೆಯ ನಡುವೆ ಆ ಗಲೂಫ್ ಸಾಯುತ್ತಾನೆ. (ಮುಂದೆ ಆಡುವವರು ಗುಟ್ಟು ಬಿಚ್ಚಿಟ್ಟದ್ದಕ್ಕೆ ಕ್ಷಮಿಸಬೇಕು.) ಉಳಿದವರನ್ನು ಕಾಪಾಡಲು ಒಬ್ಬನೇ ಶತ್ರುವಿಗೆ ಎದುರಾಗಿ, ಜೀವಬಲ ಸೊನ್ನೆಗೆ ಇಳಿದ ಮೇಲೂ ಬೀಳದೆ ಹೋರಾಡುತ್ತಾನೆ. ಯುದ್ಧ ಮುಗಿದ ಮೇಲೆ ಗೆಳೆಯರು ತಮಗೆ ಗೊತ್ತಿರುವ ಮದ್ದು, ಮಂತ್ರ ಎಲ್ಲವನ್ನೂ ಪ್ರಯೋಗಿಸುತ್ತಾರೆ. ಅಲ್ಲಿಯವರೆಗೆ ಪ್ರತಿ ಸಲ ಕೆಲಸ ಮಾಡಿದ ಮದ್ದು ಈ ಸಲ ಮಾಡುವುದಿಲ್ಲ. ಆಮೇಲೆ ಅವನ ಮೊಮ್ಮಗಳು ಕ್ರಿಲೆ ಅವನ ಜಾಗಕ್ಕೆ ಬರುತ್ತಾಳೆ. ತಾತ ಕಲಿತಿದ್ದ ಕಸುಬುಗಳೂ ವಿದ್ಯೆಗಳೂ ಒಂದನ್ನೂ ಬಿಡದೆ ಅವಳಿಗೆ ದೊರೆತಿರುತ್ತವೆ. ಆಟಗಾರ ಗಲೂಫನಿಗಾಗಿ ಪಟ್ಟ ಶ್ರಮ ಒಂದಿಷ್ಟೂ ಹಾಳಾಗುವುದಿಲ್ಲ.

ಆ ರಾತ್ರಿ ಮಗ ಮೊಬೈಲ್ ಕೆಳಗಿಟ್ಟು ಸುಮ್ಮನೆ ಕೂತಿದ್ದ. ಮಾವನವರೂ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಬಿ.ಕಾಂ. ಸೇರು ಮಗೂ. ಓದಿದ ಲೆಕ್ಕ ಎಲ್ಲಿಗೂ ಹೋಗಲ್ಲ” ಎಂದರು. ಮರುದಿನ ಅರ್ಜಿ ತರಲು ಮಗನ ಜೊತೆ ಹೋದವರು ಅವನ ತಂದೆಯೇ.

ತಂದೆತಾಯಂದಿರ ಸಂಶಯಗಳು

ಇದನ್ನು ಓದುವ ತಂದೆತಾಯಂದಿರಲ್ಲಿ ಮೂರು ಪ್ರಶ್ನೆಗಳು ಏಳಬಹುದು.

ಮೊದಲನೆಯದು, “ಮಂತ್ರ, ಮಾಂತ್ರಿಕ ಎಂದೆಲ್ಲ ಇದೆಯಲ್ಲ, ನಮ್ಮ ಮಕ್ಕಳಿಗೆ ಇದು ತಕ್ಕದ್ದೇ?” ಅಜ್ಜಿಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಗಿಣಿಯಲ್ಲಿ ಇರುತ್ತಿತ್ತು. ಅದನ್ನು ಕೇಳಿ ಬೆಳೆದ ನಾವು ಯಾರೂ ಮಾಟಮಂತ್ರಕ್ಕೆ ಹೋಗಲಿಲ್ಲ. ಕಥೆಯ ಮಂತ್ರವನ್ನು ಕಥೆಯೆಂದು ತಿಳಿಯುವ ಬುದ್ಧಿ ಮಕ್ಕಳಿಗಿದೆ. ಚಿಕ್ಕ ಮಕ್ಕಳಾದರೆ ಪಕ್ಕದಲ್ಲಿ ಕೂತು ಅದನ್ನು ತಿಳಿಸಿಕೊಡುವುದು ನಮ್ಮ ಕೆಲಸ.

ಎರಡನೆಯದು ಸಮಯ. ಈ ಆಟ ಮುಗಿಯಲು ಸುಮಾರು 30ರಿಂದ 40 ಗಂಟೆ ಬೇಕು. ವಾರಕ್ಕೆ ಮೂರು ಗಂಟೆಯಂತೆ ಆಡಿದರೆ ಮೂರು ತಿಂಗಳ ಮಾತು. ಒಂದೇ ವಾರದಲ್ಲಿ ಮುಗಿಸಹೊರಟರೆ ಓದೂ ಹಾಳು, ನಿದ್ದೆಯೂ ಹಾಳು. ಮೊಬೈಲಿನ ಈ ಆಟವನ್ನು ಯುದ್ಧವಿಲ್ಲದ ಹೊತ್ತಿನಲ್ಲಿ ಎಲ್ಲಿ ನಿಲ್ಲಿಸಿದರೂ ಅಲ್ಲಿಗೇ ಉಳಿಸಿಡಬಹುದು. ಆದ್ದರಿಂದ “ಇನ್ನೊಂದೇ ನಿಮಿಷ ಅಮ್ಮ” ಎಂಬ ನೆಪಕ್ಕೆ ಹೆಚ್ಚು ಜಾಗವಿಲ್ಲ. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕುಟಿಸ್‌ಗೂ ವಿಡಿಯೊ ಗೇಮ್ ಎಂದರೆ ಇಷ್ಟವಿತ್ತು. 2006ರಲ್ಲಿ ಹದಿನೈದನೆಯ ವಯಸ್ಸಿಗೇ ತೀರಿಕೊಂಡ ಆ ಹುಡುಗ ವಾರಕ್ಕೆ ಒಂದೇ ಗಂಟೆ ಆಡುವುದೆಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದನೆಂದು ಅವನ ಜೀವನಚರಿತ್ರೆ ಹೇಳುತ್ತದೆ. ಆಟವನ್ನು ಅವನು ತೊರೆಯಲಿಲ್ಲ, ಅದರ ಕೈಗೆ ತನ್ನನ್ನು ಕೊಡಲೂ ಇಲ್ಲ.

ಆಟವನ್ನು ನಿಲ್ಲಿಸಲಾಗದೆ ಓದು, ಊಟ, ನಿದ್ದೆ, ಸ್ನೇಹ ಎಲ್ಲವನ್ನೂ ಕಳೆದುಕೊಳ್ಳುವ ಸ್ಥಿತಿ ಬಂದರೆ ಅದು ಹಟವಲ್ಲ, ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿದ್ದು, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್ ಕ್ಲಿನಿಕ್’ 2014ರಲ್ಲಿ ಆರಂಭವಾಯಿತು. ಸಂಕೋಚಪಡದೆ ಹೋಗಬೇಕು.

ಮೂರನೆಯದು ಹಣ. ಕೆಲವು ಮೊಬೈಲ್ ಆಟಗಳು ಪುಕ್ಕಟೆ ಎಂದು ಕರೆದು, ಒಳಗೆ ಹೋದ ಮೇಲೆ ಹೆಜ್ಜೆಹೆಜ್ಜೆಗೂ ಹಣ ಕೇಳುತ್ತವೆ. ಮೊಬೈಲಿಗೆ ಬಂದಿರುವ ಈ ಆಟಕ್ಕೆ ಒಂದೇ ಸಲ ಹಣ ಕೊಟ್ಟರೆ ಮುಗಿಯಿತು. ಮಕ್ಕಳಿಗೆ ಆಟ ಕೊಡಿಸುವಾಗ ಈ ವ್ಯತ್ಯಾಸವನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ಜೊತೆಗೂಡಿ ಸವಿಯುವುದು ಹೇಗೆ?

ನಮ್ಮ ಮನೆಯಲ್ಲಿ ಕಂಡುಕೊಂಡ ಕೆಲವು ಮಾತುಗಳನ್ನು ಹೇಳುತ್ತೇನೆ. ಕಥೆಯನ್ನು ಕನ್ನಡದಲ್ಲಿ ಹೇಳಲು ಮಕ್ಕಳನ್ನು ಕೇಳಿ. ಆಟ ಇಂಗ್ಲಿಷಿನಲ್ಲಿದೆ, ಹೇಳಹೋದಾಗಲೇ ಅವರಿಗೆ ಪೂರ್ತಿ ಅರ್ಥವಾಗುತ್ತದೆ. ಒಂದೊಂದು ಪಾತ್ರವನ್ನು ಮನೆಯ ಒಬ್ಬೊಬ್ಬರು ವಹಿಸಿಕೊಂಡು, ಅವನಿಗೆ ಯಾವ ಕಸುಬು ಎಂಬುದನ್ನು ಅವರೇ ತೀರ್ಮಾನಿಸಲಿ. ಅವಸರದ ಆಯ್ಕೆ ಹಿರಿಯರಿಗೆ ಕಷ್ಟವಾದರೆ, ಮಂತ್ರ ಮದ್ದುಗಳನ್ನು ಆರಿಸುವಾಗ ಕಾಲ ನಿಲ್ಲುವ ಏರ್ಪಾಡು ಆಟದಲ್ಲೇ ಇದೆ, ಅದನ್ನು ಇಟ್ಟುಕೊಳ್ಳಿ. ಎಲ್ಲಕ್ಕಿಂತ ಬಲವಾದ ಜೋಡಿ ಯಾವುದೆಂದು ಬೇರೆಯವರನ್ನು ಕೇಳಿ ತಿಳಿಯುವುದಕ್ಕಿಂತ, ತಪ್ಪು ಮಾಡಿ ಕಂಡುಕೊಳ್ಳುವುದರಲ್ಲಿ ಹೆಚ್ಚು ಸಂತೋಷವಿದೆ.

ಗಾಂಧಿಬಜಾರಿನಲ್ಲಿ 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನಕ್ಕೆ ಹೋದಾಗ, ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳ ಸಾಲನ್ನೇ ಹೊತ್ತು ಬರುವವರನ್ನು ಕಂಡು ನನ್ನ ಮಗ, “ಇದಕ್ಕೆ ಎಷ್ಟು ಅಂಕ ಬೇಕಾಯಿತೋ!” ಎಂದ. ಆಟ ಆಡಿದ ಮೇಲೆ ಅವನು ಕೆಲಸ ಮಾಡುವವರನ್ನು ನೋಡುವ ನೋಟವೇ ಬೇರೆಯಾಯಿತು. ಇದು ನಾನು ಕಂಡ ಲಾಭ.

ಮಾವನವರು 2024ರಲ್ಲಿ ದೇವರ ಪಾದ ಸೇರಿದರು. ಮಗ ಬಿ.ಕಾಂ. ಮುಗಿಸಿ ಲೆಕ್ಕಪತ್ರದ ಕಚೇರಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾನೆ. ಸಂಖ್ಯಾಶಾಸ್ತ್ರ ಅವನಿಗೆ ಕಷ್ಟವಾಗಲೇ ಇಲ್ಲ, ಪಿಯುಸಿಯ ಗಣಿತ ಕೈಹಿಡಿಯಿತು. ಬಸ್ಸಿನಲ್ಲಿ ಹೋಗುವಾಗ ಅಂಗಡಿ ಬೋರ್ಡುಗಳ ಕಾಗುಣಿತ ತಪ್ಪುಗಳನ್ನು ತೋರಿಸುತ್ತಾ ಬರುತ್ತಾನೆ. ಅದನ್ನು ಅವನಿಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ.

ಕುಟುಂಬದಲ್ಲಿ ಚರ್ಚಿಸಲು:

1. ನಮ್ಮ ಮನೆಯ ಹಿರಿಯರು ಎಷ್ಟು ಕಸುಬುಗಳನ್ನು ಮಾಡಿದ್ದಾರೆ? ಒಂದರಲ್ಲಿ ಕಲಿತದ್ದು ಮತ್ತೊಂದರಲ್ಲಿ ಹೇಗೆ ನೆರವಾಯಿತು?

2. ‘ದಂಡವಾಯಿತು’ ಎಂದು ನಾವು ತಿಳಿದ ಯಾವ ಓದು ಅಥವಾ ಕೆಲಸ ಇಂದು ನಮಗೆ ಉಪಯೋಗಕ್ಕೆ ಬರುತ್ತಿದೆ?

3. ನಮ್ಮ ಮಗ ಅಥವಾ ಮಗಳು ಆಡುವ ಆಟದ ಹೆಸರು, ಕಥೆ ನಮಗೆ ಗೊತ್ತೇ? ಈ ವಾರ ಅರ್ಧ ಗಂಟೆ ಪಕ್ಕದಲ್ಲಿ ಕೂತು ಕೇಳೋಣವೇ?

4. ವಾರಕ್ಕೆ ಎಷ್ಟು ಹೊತ್ತು ಆಟ ಎಂಬುದನ್ನು ಮಕ್ಕಳ ಜೊತೆ ಸೇರಿ ತೀರ್ಮಾನಿಸಿದ್ದೇವೆಯೇ? ಆ ಮಿತಿ ದೊಡ್ಡವರ ಮೊಬೈಲಿಗೂ ಅನ್ವಯಿಸುತ್ತದೆಯೇ?